ಹಸಿರು ಗೆರೆ

ಹಳೆಯ ಹಸ್ತಪ್ರತಿಗಳನ್ನು ದುರಸ್ತಿ ಮಾಡುವುದು ನನ್ನ ಕೆಲಸ. ತೆಲುಗು ನೆಲದ ತಾರ್ನಾಕದಲ್ಲಿರುವ ನಮ್ಮ ದುರಸ್ತಿ ಕೋಣೆಗೆ ಅವು ಬರುವುದೇ ರೋಗ ಮೀರಿದ ಮೇಲೆ. ಆ ವೃದ್ಧೆ ಎದೆಗವಚಿಕೊಂಡು ತಂದ ಕುರಾನಿನದೂ ಅದೇ ಗತಿ. ಬೀದರ ಕಡೆಯವರು, ನನ್ನ ಮಾತಿನ ಧಾಟಿ ಕೇಳಿ ಉರ್ದು ಬಿಟ್ಟು ಕನ್ನಡಕ್ಕೆ ಬಂದರು. ಅದನ್ನು ಬರೆದು ಚಿನ್ನ ಹಚ್ಚಿದವರು ಅವರ ಗಂಡನ ಅಜ್ಜನಂತೆ. ವಾಕ್ಯ ಮುಗಿದಲ್ಲೆಲ್ಲ ಒಂದು ಚಿನ್ನದ ಹೂವು, ಬರಹದ ಸುತ್ತ ಚಿನ್ನದ ಚೌಕಟ್ಟು, ಅದರಾಚೆ ಒಂದು ಹಸಿರು ಗೆರೆ. ನಾನು ಪುಟ ಎತ್ತಿದೆ. ಗೆರೆಯುದ್ದಕ್ಕೂ ಕಾಗದ ತುಂಡಾಗಿ ಬರಹವೆಲ್ಲ ಮೇಜಿನ ಮೇಲೆ ಕಳಚಿಬಿತ್ತು. ಕೈಯಲ್ಲಿ ಉಳಿದದ್ದು ಬರೀ ಅಂಚು.

ಆ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ ಬಣ್ಣ. ತೇವ ತಾಗಿದರೆ ಕಾಗದವನ್ನೇ ತಿನ್ನುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

"ಇದಕ್ಕ ನೀರು ತಾಗಿತ್ತೇನಮ್ಮಾ?"

"ನೀರಲ್ಲ ಬೇಟಾ, ಗುಲಾಬ್‌ಜಲ. ಪ್ರತಿ ರಂಜಾನಿಗೆ ನಮ್ಮ ಯಜಮಾನ್ರು ಅದರಾಗ ಅರಿವಿ ಅದ್ದಿ ಒಂದೊಂದು ಪುಟದ ಅಂಚು ಒರಸ್ತಾರ. ಅವರಪ್ಪನೂ ಹಂಗ ಮಾಡ್ತಿದ್ರು."

ನನಗೆ ಸಿಟ್ಟು ಬಂತು. ಭಕ್ತಿಯಿಂದ ಹಾಳಾದ ಪುಸ್ತಕಗಳನ್ನು ನೋಡಿ ನೋಡಿ ನನ್ನ ನಾಲಿಗೆಗೆ ಲಗಾಮು ತಪ್ಪಿದೆ. ಒರೆಸಿ ಒರೆಸಿಯೇ ಕೊಂದಿದ್ದೀರಿ ಎಂದುಬಿಟ್ಟೆ.

ಅವರು ತುಂಡಾದ ಹಾಳೆಯನ್ನೇ ನೋಡುತ್ತ ಮನೆಯ ಸಂಗತಿ ಹೇಳಿದರು. ಅವರ ಮನೆಯಲ್ಲಿ ಯಾರೇ ಕೊನೆಯುಸಿರಿನಲ್ಲಿದ್ದರೂ ಯಾಸೀನ್ ಅಧ್ಯಾಯವನ್ನು ಈ ಪುಸ್ತಕ ನೋಡಿಯೇ ಓದುವುದು ರೂಢಿ. ಈಗ ಗಂಡನ ಸರದಿ. ಇನ್ನೇನೂ ಮಾಡಲಾಗದೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು.

"ಆ ಹಾಳಿ ಅಷ್ಟರ ಸರಿ ಮಾಡಿಕೊಡು. ಅವರಿಗೆ ಹುಳ ತಿಂದಾವ ಅಂತ ಹೇಳ್ತೀನಿ. ಅವರು ಕೇಳಿದ್ರ ನೀನೂ ಹಂಗ ಹೇಳು," ಎಂದರು.

ಅಂಟು ಹಚ್ಚಬೇಕು, ಒದ್ದೆಯಾಗಬಾರದು. ಆ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ಸಾವಿಗೆ ಅವಸರವಿತ್ತು. ಈರುಳ್ಳಿ ಪೊರೆಯಂಥ ಕಾಗದದ ಪಟ್ಟಿ ಹಚ್ಚಿ ಆ ಹಾಳೆಗಳನ್ನು ಹೇಗೋ ಕೂಡಿಸಿ, ನಾನೇ ಅವರ ಮನೆಗೆ ಒಯ್ದೆ.

ಯಜಮಾನರು ಕಿಟಕಿಯ ಪಕ್ಕ ಮಲಗಿದ್ದರು. ಓದುವ ಮೊದಲು ಕೈಕಾಲು ಮುಖ ತೊಳೆಯಲು ಅಮ್ಮ ಒಳಗೆ ಹೋದರು. ಯಜಮಾನರು ಹಾಳೆಯನ್ನು ಮುಟ್ಟಲಿಲ್ಲ. ಬೆಳಕಿಗೆ ಹಿಡಿ ಎಂದು ಸನ್ನೆ ಮಾಡಿದರು. ಹಿಡಿದೆ. ನನ್ನ ತೇಪೆ ನಾಲ್ಕೂ ಕಡೆ ಬೆಳ್ಳಗೆ ಕಾಣುತ್ತಿತ್ತು.

"ಹುಳ ತಿಂದಾವಂತ?"

"ಹೌದ್ರಿ."

"ಹಸಿರು ಗೆರಿ ಅಷ್ಟ ಆರಿಸಿ ತಿನ್ನೋ ಹುಳ ಇರ್ತಾವೇನು ಬೇಟಾ?"

ನಾನು ಹಾಳೆಯನ್ನು ಮೆಲ್ಲಗೆ ಕೆಳಗಿಳಿಸಿದೆ. ಅಂದು ನಮ್ಮ ಕೋಣೆಯಲ್ಲಿ ಅಮ್ಮನಿಗೆ ನಿಜ ಹೇಳುವ ಬದಲು ಸುಳ್ಳಾಡಿದ್ದರೂ ಆಗುತ್ತಿತ್ತು ಎಂದು ನನ್ನನ್ನೇ ಶಪಿಸಿಕೊಂಡೆ. ಅವರು ಪ್ರತಿ ರಂಜಾನಿಗೆ ಪುಟ ಒರೆಸಿದ ತಮ್ಮ ಬಲಗೈಯನ್ನೇ ನೋಡುತ್ತಿದ್ದರು.

"ನನಗ ತಿಳದೈತಿ ಅಂತ ಆಕಿಗೆ ಹೇಳಬ್ಯಾಡ," ಎಂದರು. "ಭಾಳ ನೊಂದ್ಕೋತಾಳ."

ಅಮ್ಮ ಸೆರಗು ತಲೆಗೆಳೆದುಕೊಂಡು ಬಂದು ಕೂತರು, ಓದತೊಡಗಿದರು. ಯಜಮಾನರು ಕಣ್ಣು ಮುಚ್ಚಲಿಲ್ಲ. ಓದು ಮುಗಿಯುವವರೆಗೂ ಆ ಕೈಯನ್ನು ಹೊದಿಕೆಯೊಳಗೆ ಅಡಗಿಸಿಕೊಂಡೇ ಇದ್ದರು.