ಗಡಿಯಾರದ ಬಿಳಿ ಭಾಗ

ಅವಳು ಕೂತು ಪಾಠ ಮಾಡಿದ್ದನ್ನು ಯಾರೂ ನೋಡಿಲ್ಲ. ನಾಲ್ಕನೇ ಕ್ಲಾಸಿನ ಕೋಣೆಯಲ್ಲಿ ಟೀಚರಿಗೆಂದು ಇಟ್ಟ ಕುರ್ಚಿಯ ಮೇಲೆ ಹತ್ತೊಂಬತ್ತು ವರ್ಷಗಳಿಂದ ಮಕ್ಕಳ ನೋಟ್‌ಬುಕ್ಕುಗಳೇ ಕೂತಿವೆ. ಅವಳು ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಕೊನೆಯ ಬೆಂಚಿಗೆ, ಅಲ್ಲಿಂದ ಮತ್ತೆ ಬೋರ್ಡಿಗೆ ನಡೆಯುತ್ತಲೇ ಇರುತ್ತಾಳೆ. ಮನೆಯಲ್ಲಿ ಟೀ ಕುಡಿಯುವುದೂ ನಿಂತೇ, ಒಲೆಯ ಮುಂದೆ, ಅರ್ಧ ಲೋಟ. ಉಳಿದರ್ಧ ಆರಿ ಕೆನೆ ಕಟ್ಟಿದ ಮೇಲೆ ಸಿಂಕಿಗೆ ಹೋಗುತ್ತದೆ.

ಮಕ್ಕಳು ಅವಳಿಗಿಟ್ಟ ಹೆಸರು ಗಡಿಯಾರ ಟೀಚರ್. ‘ಜಗತ್ತನ್ನು ಬದಲಿಸಿದವರು’ ಎಂದು ಪಠ್ಯಪುಸ್ತಕದಲ್ಲಿ ಒಂದು ಪಾಠವಿದೆ. ಒಬ್ಬೊಬ್ಬರಿಗೆ ಅರ್ಧ ಪುಟ: ಹುಟ್ಟಿದ ಇಸವಿ, ಸತ್ತ ಇಸವಿ, ಮಾಡಿದ ಸಾಧನೆ, ಮೇಲೊಂದು ಗಡ್ಡದ ಚಿತ್ರ. ಮಕ್ಕಳು ಇಸವಿಗಳನ್ನು ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕಿ, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಯಾರ ಗಡ್ಡ ಯಾರದ್ದೆಂದು ಮರೆತುಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ಏಳನೇ ವರ್ಷ ಅವಳು ಒಂದು ಉಪಾಯ ಹುಡುಕಿದಳು. ದೊಡ್ಡ ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ವೃತ್ತ ಎಳೆದು ಇಪ್ಪತ್ನಾಲ್ಕು ಭಾಗ ಮಾಡುವುದು. ಅದು ಆ ದೊಡ್ಡ ಮನುಷ್ಯನ ಒಂದು ದಿನ. ಸಾಧನೆಗೆ ಕೊಟ್ಟ ಗಂಟೆಗಳಿಗೆ ಕೆಂಪು, ನಿದ್ದೆಗೆ ನೀಲಿ, ಉಳಿದದ್ದು ಬಿಳಿ.

“ಅವರಿಗೂ ಇಪ್ಪತ್ನಾಲ್ಕೇ ಗಂಟೆ ಇತ್ತು, ನಿಮಗೂ ಅಷ್ಟೇ ಇದೆ. ಅವರು ಎಷ್ಟು ಹೊತ್ತು ಕೆಂಪು ಮಾಡಿದ್ದಾರೆ ನೋಡಿ,” ಎನ್ನುತ್ತಿದ್ದಳು. ಮಕ್ಕಳ ಕಣ್ಣು ಅರಳುತ್ತಿದ್ದವು. ದೂರದರ್ಶಕದಲ್ಲಿ ಆಕಾಶ ನೋಡಿದವನು ಎಷ್ಟು ಗಂಟೆಗೆ ಏಳುತ್ತಿದ್ದ, ಎಷ್ಟು ಹೊತ್ತು ನೋಡುತ್ತಿದ್ದ ಎಂದು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ. ಎಲ್ಲ ಅಂದಾಜು. “ಸುಮಾರಾಗಿ ಅಂತ ಇಟ್ಕೊಳ್ಳಿ,” ಎಂದು ಮಕ್ಕಳಿಗೂ ಹೇಳುತ್ತಿದ್ದಳು.

ಈ ವರ್ಷ ತಪಾಸಣೆಗೆ ಬಂದ ಅಧಿಕಾರಿ ಕೊನೆಯ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಮುದುರಿ ಕೂತು ಇಡೀ ಪಾಠ ಕೇಳಿದ. ತಿಂಗಳ ನಂತರ ಪತ್ರ ಬಂತು. ನಾಲ್ಕನೇ ಕ್ಲಾಸಿನ ಪಾಠಗಳನ್ನು ಹೊಸದಾಗಿ ಬರೆಯಲು ಶಿಬಿರ, ಹನ್ನೆರಡು ದಿನ, ರೈಲಿನಲ್ಲಿ ಒಂಬತ್ತು ಗಂಟೆ ದೂರದ ಊರಿನಲ್ಲಿ. ಅವಳ ಶಾಲೆಯಿಂದ ಇಬ್ಬರು ಹೋಗಬೇಕು: ಅವಳು ಮತ್ತು ಗಣಿತದ ಮೇಷ್ಟ್ರು. ಶನಿವಾರ ಮಧ್ಯಾಹ್ನದೊಳಗೆ ಒಪ್ಪಿಗೆಯ ಸಹಿ ಹಾಕಿ ಕೊಡಬೇಕು. ಈಗ ಬರೆದ ಪಾಠವೇ ಮುಂದಿನ ಹತ್ತು ವರ್ಷ ನಡೆಯುತ್ತದೆ. ಅಷ್ಟು ಹೊತ್ತಿಗೆ ಅವಳು ನಿವೃತ್ತಿಯ ಹತ್ತಿರ ಇರುತ್ತಾಳೆ.

ಹೋಗಬೇಕು ಎಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಆ ಪತ್ರವನ್ನು ದಿನಕ್ಕೆ ಐದಾರು ಸಲ ಬ್ಯಾಗಿನಿಂದ ತೆಗೆದು ಮತ್ತೆ ಒಳಗಿಡುತ್ತಿದ್ದಳು. ಮಡಿಕೆಯಲ್ಲಿ ಹಾಳೆ ಸವೆಯತೊಡಗಿತ್ತು.

ಗಣಿತದ ಮೇಷ್ಟ್ರು ತನ್ನ ಒಪ್ಪಿಗೆ ಪತ್ರವನ್ನು ಕಾರಿಡಾರಿನ ಗೋಡೆಗೆ ಒತ್ತಿ ಹಿಡಿದು ನಿಂತಲ್ಲೇ ಸಹಿ ಹಾಕಿದ. ಇನ್ನೊಂದು ಕೈಯಲ್ಲಿ ಟೀ ಲೋಟವಿತ್ತು. ಅವನ ಮನೆಯಲ್ಲಿ ಎರಡು ಮಕ್ಕಳು, ಚಿಕ್ಕದಕ್ಕೆ ಇನ್ನೂ ನಡಿಗೆ ಬಂದಿಲ್ಲ.

“ನಿಮ್ಮದಿನ್ನೂ ಆಗಿಲ್ವಾ ಟೀಚರ್? ಒಂದು ಸಹಿ ತಾನೇ,” ಎಂದ.

“ಮನೇಲಿ ಕೇಳ್ಬೇಕು.”

“ನಾನೂ ಕೇಳ್ಬೇಕಿತ್ತು. ಮರೆತೇ ಹೋಯ್ತು ನೋಡಿ,” ಎಂದು ನಕ್ಕು ಹೋದ.

ಮನೆಯಲ್ಲಿ ಕೇಳಿದ್ದಾಗಿತ್ತು. ಗಂಡ ವಿದ್ಯುತ್ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವನು, ಗಟ್ಟಿಯಾಗಿ ಮಾತಾಡಿದವನಲ್ಲ.

“ಹೋಗು. ನಾನೇನು ಬೇಡ ಅಂದ್ನಾ? ಹೆಮ್ಮೆ ವಿಷಯ,” ಎಂದ. ಪೇಪರಿನ ಹಾಳೆ ತಿರುವಿ, “ಹನ್ನೆರಡು ದಿನ ಅಲ್ವಾ?” ಎಂದ. ಇನ್ನೊಂದು ಹಾಳೆ ತಿರುವಿ, “ಅಮ್ಮನ ಮಾತ್ರೆ, ಮಗನ ಪರೀಕ್ಷೆ... ಇರಲಿ. ಒಂದು ಪಟ್ಟಿ ಬರೆದಿಟ್ಟು ಹೋಗು, ನೋಡ್ಕೋತೀವಿ.”

“ಹಿಂದಿನ ಸಲಾನೂ ಪಟ್ಟಿ ಬರೆದಿಟ್ಟಿದ್ಲು,” ಎಂದರು ಅತ್ತೆ, ಕಾಲು ಚಾಚಿಕೊಂಡು ಟಿವಿ ನೋಡುತ್ತ. “ಪಾಪ, ನನ್ನ ಮಗ ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸ್ಕೊಂಡ.”

ಹಿಂದಿನ ಸಲ ಎಂದರೆ ತಂಗಿಯ ಹೆರಿಗೆಗೆ ಹೋದ ನಾಲ್ಕು ದಿನ. ಆಗ ಮೂವತ್ತೊಂದು ಸಾಲಿನ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಬಂದು ನೋಡಿದರೆ ಪಟ್ಟಿ ಹೇಗೆ ಅಂಟಿಸಿದ್ದಳೋ ಹಾಗೇ ಇತ್ತು. ಮೂಲೆಯಲ್ಲಿ ಯಾವುದೋ ಹೋಟೆಲಿನ ಫೋನ್ ನಂಬರ್ ಮಾತ್ರ ಹೊಸದು. ಏಳನೇ ಸಾಲು, ‘ಹಾಲಿನ ಪಾತ್ರೆ ಕೂಡಲೇ ನೆನೆಹಾಕುವುದು’. ಅದೊಂದನ್ನು ಪಾಲಿಸಿದ್ದರು. ಪಾತ್ರೆ ನಾಲ್ಕು ದಿನದಿಂದ ಸಿಂಕಿನಲ್ಲಿ ನೆನೆಯುತ್ತಲೇ ಇತ್ತು.

ಆದರೂ ಅವಳು ಹೊಸ ಪಟ್ಟಿ ಶುರು ಮಾಡಿದಳು. ಬಸ್ಸಿನಲ್ಲಿ ಬರೆದಳು, ಸ್ಟಾಫ್ ರೂಮಿನಲ್ಲಿ ಬರೆದಳು, ಮಕ್ಕಳು ಲೆಕ್ಕ ಮಾಡುವಾಗ ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆದಳು. ಗ್ಯಾಸ್ ಸಿಲಿಂಡರ್ ಬದಲಿಸುವುದು ಹೇಗೆ. ಅತ್ತೆಯ ಬಿಳಿ ಮಾತ್ರೆ ಊಟಕ್ಕೆ ಮೊದಲು, ಹಳದಿ ಮಾತ್ರೆ ನಂತರ. ಮಗನ ಬಿಳಿ ಶರ್ಟನ್ನು ಬೇರೆ ಬಟ್ಟೆಯ ಜೊತೆ ನೆನೆಹಾಕಬಾರದು. ಬುಧವಾರದ ಹೊತ್ತಿಗೆ ಐವತ್ನಾಲ್ಕು ಸಾಲಾಗಿತ್ತು. ಒಂದು ಸಾಲು ಬರೆದರೆ ಅದರ ಬೆನ್ನಿಗೇ ಇನ್ನೆರಡು ನೆನಪಾಗುತ್ತಿದ್ದವು. ಪಟ್ಟಿಯೂ ಮುಗಿಯಲಿಲ್ಲ, ಸಹಿಯೂ ಬೀಳಲಿಲ್ಲ.

ಆ ಬುಧವಾರವೇ ಮಕ್ಕಳಿಗೆ ಹೋಮ್‌ವರ್ಕ್ ಕೊಟ್ಟಿದ್ದಳು. ಜಗತ್ತನ್ನು ಬದಲಿಸಿದವರಲ್ಲಿ ಇಷ್ಟವಾದ ಒಬ್ಬರನ್ನು ಆರಿಸಿಕೊಂಡು ಅವರ ಗಡಿಯಾರ ತುಂಬಿಸಿ ತರುವುದು.

ಗುರುವಾರ ತಿದ್ದಲು ಕೂತಳು, ಎಂದರೆ ನಿಂತಳು. ಮೂರನೇ ಬೆಂಚಿನ ಹುಡುಗಿಯದು ಬಂತು. ಬರೆದದ್ದನ್ನು ಅಳಿಸಿ ಅಳಿಸಿ ಮತ್ತೆ ಬರೆಯುವ ಅವಳಿಗೆ ಕ್ಲಾಸಿನಲ್ಲಿ ‘ರಬ್ಬರ್’ ಎಂದೇ ಹೆಸರು. ಆರಿಸಿಕೊಂಡದ್ದು ದೂರದರ್ಶಕದವನನ್ನು. ಅವಳ ಗಡಿಯಾರದಲ್ಲಿ ಬಿಳಿ ಭಾಗವೇ ಇರಲಿಲ್ಲ. ಬೆಳಿಗ್ಗೆ ಐದರಿಂದ ಐದೂವರೆ ನೀರು ತುಂಬಿಸುವುದು. ಏಳರವರೆಗೆ ಅಡುಗೆ. ಏಳೂವರೆವರೆಗೆ ಮಗಳ ಜಡೆ. ಎಂಟರವರೆಗೆ ಪಾತ್ರೆ. ಆಮೇಲೆ ಸಂಜೆ ಆರರವರೆಗೆ ಕೆಲಸಕ್ಕೆ ಹೋಗುವುದು. ತರಕಾರಿ, ಮತ್ತೆ ಅಡುಗೆ, ಊಟ, ಬಟ್ಟೆ ಒಗೆದು ಹರವುವುದು. ಒಂಬತ್ತರಿಂದ ಒಂಬತ್ತು ನಲವತ್ತರವರೆಗೆ ಒಂದು ತೆಳ್ಳನೆಯ ಕೆಂಪು ಚೂರು: ‘ಆಕಾಶ ನೋಡುವುದು’. ಉಳಿದದ್ದು ನಿದ್ದೆ.

ಜಗತ್ತನ್ನು ಬದಲಿಸಲು ನಲವತ್ತು ನಿಮಿಷ. ಅವಳಿಗೆ ನಗು ತಡೆಯಲಾಗಲಿಲ್ಲ, ಗಟ್ಟಿಯಾಗಿ ಓದಿಬಿಟ್ಟಳು. ಇಡೀ ಕ್ಲಾಸು ನಕ್ಕಿತು. “ದೂರದರ್ಶಕದವನು ಜಡೆ ಹಾಕ್ತಿದ್ದನಂತೆ,” ಎಂದು ಯಾರೋ ಕಿಸಕ್ಕೆಂದರು.

“ಇದು ನಿಮ್ಮಮ್ಮನ ಗಡಿಯಾರ ಕಣೇ. ಅವರ ಗಡಿಯಾರ ತಾ ಅಂದ್ರೆ ಇದನ್ನ ತಂದಿದ್ದೀಯಲ್ಲ,” ಎಂದು ಹಾಳೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೆಂಪು ಶಾಯಿಯಲ್ಲಿ ಇಂಟು ಎಳೆದಳು.

“ಅಮ್ಮಂದಲ್ಲ ಟೀಚರ್,” ಎಂದಳು ಹುಡುಗಿ.

“ಮತ್ತೆ ಯಾರದ್ದು?”

ಬೆಲ್ ಹೊಡೆಯಿತು. ಉತ್ತರ ಕೇಳುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಐವತ್ತೈದನೇ ಸಾಲು ನೆನಪಾಗಿತ್ತು. ಬಾಗಿಲು ದಾಟುವಾಗ ಹಿಂತಿರುಗಿ ನೋಡಿದರೆ ಹುಡುಗಿ ಆ ಇಂಟನ್ನು ರಬ್ಬರಿನಿಂದ ಉಜ್ಜುತ್ತಿದ್ದಳು. ಶಾಯಿ ಹೋಗಲಿಲ್ಲ. ಹಾಳೆ ಹರಿಯಿತು.

ಶುಕ್ರವಾರ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಕೂದಲಲ್ಲಿ, ಹುಬ್ಬಿನಲ್ಲಿ ಸುಣ್ಣದ ಬಣ್ಣದ ಚುಕ್ಕಿಗಳು. ಗೋಡೆಗಳಿಗೆ ಪೇಂಟ್ ಹೊಡೆಯುವವನು, ಕೆಲಸದ ಮಧ್ಯೆ ಎದ್ದು ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹರಿದ ಗಡಿಯಾರ.

“ಮೇಡಂ, ಇದನ್ನ ಬರೆದವಳ ಅಪ್ಪ ನಾನು. ತಪ್ಪು ಎಲ್ಲಿದೆ ಅಂತ ತೋರಿಸಿದ್ರೆ ಕೂತು ತಿದ್ದಿಸ್ತೀನಿ. ನಿನ್ನೆಯಿಂದ ಸರಿಯಾಗಿ ಊಟ ಮಾಡ್ತಿಲ್ಲ.”

“ತಪ್ಪು ಅಂತಲ್ಲ. ಅಂಥ ದೊಡ್ಡವರು ಇದನ್ನೆಲ್ಲ ಮಾಡ್ತಿರಲಿಲ್ಲ ಅಷ್ಟೇ.”

“ಮತ್ತೆ ಯಾರು ಮಾಡ್ತಿದ್ರು?”

“ಮನೇಲಿ ಬೇರೆ ಯಾರಾದ್ರೂ ಮಾಡಿರ್ತಾರೆ.”

“ಹಾಗಂತ ಪುಸ್ತಕದಲ್ಲಿದೆಯಾ?”

“ಇಲ್ಲ.”

“ಹಾಗಾದ್ರೆ ತಪ್ಪು ಅಂತ ಹೇಗೆ ಗೊತ್ತಾಯ್ತು? ಜಗಳಕ್ಕೆ ಬಂದಿಲ್ಲ ಮೇಡಂ, ತಿಳ್ಕೊಳ್ಳೋಕೆ ಕೇಳ್ದೆ.”

ಅವಳು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

“ಇದು ಯಾರ ಗಡಿಯಾರ?” ಎಂದು ಕೇಳಿದಳು.

“ನಂದೇ. ಇವಳಮ್ಮ ಆಸ್ಪತ್ರೇಲಿ ವಾರ್ಡ್ ಕೆಲಸ, ಯಾವಾಗಲೂ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗ್ತಾಳೆ.” ಅವನು ಸ್ವಲ್ಪ ನಾಚಿಕೊಂಡ. “ಆ ಆಕಾಶ ನೋಡೋದು ಅಂತ ಬರೆದಿದ್ದಾಳಲ್ಲ, ಅದು ನಾನು ಮೆಟ್ಟಿಲ ಮೇಲೆ ಕೂತು ಸಿಗರೇಟು ಸೇದೋ ಹೊತ್ತು. ಏನ್ ಮಾಡ್ತಿದೀಯಪ್ಪ ಅಂದ್ರೆ ನಕ್ಷತ್ರ ನೋಡ್ತಿದೀನಿ ಅಂತೀನಿ.”

ಅವಳಿಗೆ ನಗು ಬರಲಿಲ್ಲ. ಹುಡುಗಿ ಹೆಂಗಸಿನ ಕೆಲಸವನ್ನು ತಿಳಿಯದೆ ಗಂಡಸಿನ ತಲೆಗೆ ಕಟ್ಟಿದ್ದಾಳೆ ಎಂದು ತಾನು ನಕ್ಕಿದ್ದಳು. ಆ ಹುಡುಗಿ ಬರೆದದ್ದು ತನ್ನ ಮನೆಯಲ್ಲಿ ದಿನಾ ನೋಡುವ ಗಂಡಸನ್ನು.

“ನಿಮ್ಮ ಮನೆಯವರು ಪಟ್ಟಿ ಬರೆದಿಟ್ಟು ಹೋಗ್ತಾರಾ?”

ಪೇಂಟರಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಯಾವ ಪಟ್ಟಿ?”

“ಮನೆಗೆಲಸದ್ದು. ಏನೇನು ಮಾಡ್ಬೇಕು ಅಂತ.”

“ಅದಕ್ಕೆ ಪಟ್ಟಿ ಯಾಕೆ ಮೇಡಂ? ಕೊಡ ಖಾಲಿ ಆದ್ರೆ ಕಣ್ಣಿಗೆ ಕಾಣುತ್ತಲ್ಲ. ಮೊದಮೊದಲು ಬೇಳೆ ಸೀದುಹೋಗ್ತಿತ್ತು. ಆಮೇಲೆ ಸೀಯಲಿಲ್ಲ.” ಹೊರಡುವಾಗ ಸೇರಿಸಿದ, “ನನ್ನದೇನೂ ಹೆಚ್ಚುಗಾರಿಕೆ ಇಲ್ಲ ಬಿಡಿ. ನಾನು ತೊಳೆದ ಪಾತ್ರೇನ ಅವಳು ಈಗಲೂ ಇನ್ನೊಂದ್ಸಲ ತೊಳೀತಾಳೆ.”

ಆ ಸಂಜೆ ಮನೆಯಲ್ಲಿ ಅವಳ ಕೈ ನಿಲ್ಲಲಿಲ್ಲ. ತರಕಾರಿ ಹೆಚ್ಚುತ್ತ ಗಂಡನನ್ನು ನೋಡಿದಳು. ಕೆಟ್ಟವನಲ್ಲ. ಖಾಲಿಯಾದ ಲೋಟವನ್ನು ಕುರ್ಚಿಯ ಕಾಲಿನ ಪಕ್ಕ ಇಟ್ಟು, ಅದು ತಾನಾಗಿ ಅಡುಗೆಮನೆಗೆ ನಡೆದುಹೋಗುತ್ತದೆ ಎಂದು ಇಪ್ಪತ್ತೊಂದು ವರ್ಷದಿಂದ ನಂಬಿಕೊಂಡವನು. ಆ ಲೋಟಕ್ಕೆ ಕಾಲು ಕೊಟ್ಟವಳು ತಾನೇ. ಪಟ್ಟಿ ಬರೆಯುವುದೂ ಒಂದು ಕೆಲಸ, ಅದನ್ನೂ ತಾನೇ ಮಾಡಿಕೊಟ್ಟು ಹೋಗಬೇಕು.

“ಪಟ್ಟಿ ಆಯ್ತಾ?” ಎಂದು ಅವನು ಕೇಳಿದ.

“ನಾಳೆ,” ಎಂದಳು.

ಶನಿವಾರ ಅರ್ಧ ದಿನದ ಶಾಲೆ. ಮೊದಲ ಪಿರಿಯಡ್ಡಿನಲ್ಲೇ ಹೊಸ ಹಾಳೆ ಅಂಟಿಸಿ ವೃತ್ತ ಎಳೆದಳು. ಕೆಂಪು ತುಂಬಿದಳು, ನೀಲಿ ತುಂಬಿದಳು, ಬಿಳಿಯ ಮೇಲೆ ಬೆರಳಿಟ್ಟಳು.

“ಗುರುವಾರ ನಾನು ಒಂದು ಇಂಟು ಹಾಕಿದೆ. ಅದು ತಪ್ಪು, ನಂದು. ಇಲ್ಲಿ ಏನು ನಡೀತಿತ್ತು ಅಂತ ನನಗೆ ಗೊತ್ತಿಲ್ಲ, ಪುಸ್ತಕಕ್ಕೂ ಗೊತ್ತಿಲ್ಲ. ಆದ್ರೆ ಅವರಿಗೂ ಹಸಿವಾಗಿರುತ್ತೆ, ಅವರ ಬಟ್ಟೇನೂ ಕೊಳೆ ಆಗಿರುತ್ತೆ. ಯಾರು ಯಾವಾಗ ಏನು ಮಾಡಿರಬಹುದು, ಹೇಳಿ.”

ಕ್ಲಾಸು ಸಂತೆಯಾಯಿತು. ದೀಪಕ್ಕೆ ಎಣ್ಣೆ ಹಾಕಿದವರು. ದೂರದರ್ಶಕದ ಗಾಜು ಒರೆಸಿದವರು. ಅವನು ರಾತ್ರಿಯೆಲ್ಲ ಆಕಾಶ ನೋಡಿ ಬೆಳಿಗ್ಗೆ ಮಲಗಿದಾಗ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೊಂಡವರು. ಬಿಳಿ ಭಾಗದಲ್ಲಿ ಜಾಗ ಸಾಲದೆ ವೃತ್ತದ ಹೊರಗೆಲ್ಲ ಬರೆಯಬೇಕಾಯಿತು.

“ಟೀಚರ್, ನಿಮ್ಮದು ಹಾಕಿ,” ಎಂದಿತು ಹಿಂದಿನ ಬೆಂಚು.

ತಮಾಷೆಗೆಂದು ಶುರು ಮಾಡಿದಳು. ಶಾಲೆಗೆ ಆರು ಗಂಟೆ ಕೆಂಪು, ನಿದ್ದೆಗೆ ಐದೂವರೆ. ಉಳಿದದ್ದನ್ನು ಹೇಳುತ್ತ ಹೋದಳು, ಹೇಳುತ್ತ ಹೋದಂತೆ ತಮಾಷೆ ಮಾಯವಾಯಿತು. ವೃತ್ತ ತುಂಬಿತು.

ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಿ ಮುಂದಿಟ್ಟುಕೊಂಡಿದ್ದ ‘ರಬ್ಬರ್’ ಹುಡುಗಿ ಬೋರ್ಡನ್ನು ಬಹಳ ಹೊತ್ತು ನೋಡಿದಳು.

“ನಲವತ್ತು ನಿಮಿಷಾನೂ ಇಲ್ಲ ಟೀಚರ್,” ಎಂದಳು.

ಹನ್ನೊಂದೂವರೆಗೆ ಅವಳು ಒಪ್ಪಿಗೆ ಪತ್ರವನ್ನು ಕಾರಿಡಾರಿನ ಗೋಡೆಗೆ ಒತ್ತಿ ಸಹಿ ಹಾಕಿದಳು. ಗೋಡೆ ಒರಟು, ಪೆನ್ನು ಎರಡು ಕಡೆ ಹಾಳೆಯನ್ನು ಚುಚ್ಚಿತು. ಪಟ್ಟಿಯನ್ನು ಬ್ಯಾಗಿನಿಂದ ತೆಗೆದು ನಾಲ್ಕು ಚೂರು ಮಾಡಿದಳು. ಕಸದ ಬುಟ್ಟಿಯವರೆಗೆ ಹೋಗಿ ವಾಪಸ್ ಬಂದು, ಚೂರುಗಳನ್ನು ಮತ್ತೆ ಬ್ಯಾಗಿಗೇ ಹಾಕಿಕೊಂಡಳು.

ಹೊರಡುವ ದಿನ ಬಾಗಿಲಲ್ಲಿ ಗಂಡ ಕೇಳಿದ, “ಪಟ್ಟಿ ಎಲ್ಲಿ? ಫ್ರಿಜ್ ಮೇಲೆ ಕಾಣ್ಲಿಲ್ಲ.”

“ಬರೆದಿಲ್ಲ.”

“ಬರೆದಿಲ್ಲ ಅಂದ್ರೆ? ನಮಗೆ ಹೇಗೆ ಗೊತ್ತಾಗುತ್ತೆ?”

“ಕೊಡ ಖಾಲಿ ಆದ್ರೆ ಕಾಣುತ್ತೆ ರೀ.”

“ಯಾವ ಕೊಡ?” ಎಂದ ಅವನು. ಆಟೋ ಹಾರ್ನ್ ಹೊಡೆಯಿತು.

ರೈಲಿನಲ್ಲಿ ಗಣಿತದ ಮೇಷ್ಟ್ರು ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮೊದಲ ನಿಲ್ದಾಣ ಬರುವ ಮೊದಲೇ ಗೊರಕೆ ಹೊಡೆದ. ಅವಳು ಕಿಟಕಿಯ ಸೀಟಿನಲ್ಲಿ ಕೂತಳು, ಎದ್ದಳು, ಬೋಗಿಯ ಬಾಗಿಲವರೆಗೆ ನಡೆದು ಬಂದಳು. ಫೋನ್ ಗುಂಯ್ ಎಂದಿತು. ಗಂಡ: ‘ಬೇಳೆ ಯಾವ ಡಬ್ಬದಲ್ಲಿ?’ ‘ಮೇಲಿನ ಕಪಾಟು, ಎಡಗಡೆ’ ಎಂದು ಅವಳ ಬೆರಳು ತಾನಾಗಿ ಬರೆಯಿತು. ಅಳಿಸಿದಳು. ಇನ್ನೊಂದು ಸಲ ಬರೆದು ಇನ್ನೊಂದು ಸಲ ಅಳಿಸಿದಳು. ಬ್ಯಾಗಿನ ಚೂರುಗಳ ಮೇಲೆ ಕೈಯಾಡಿಸಿದಳು. ಹೊಲಗಳು, ಗೋದಾಮುಗಳು, ಯಾರದೋ ಮಹಡಿಯ ಮೇಲೆ ಹರವಿದ ಬಟ್ಟೆಗಳು ಹಿಂದೆ ಓಡಿದವು. ಮುಕ್ಕಾಲು ಗಂಟೆ ಫೋನ್ ಸುಮ್ಮನಿತ್ತು. ಮೆಸೇಜು ಬರುವುದನ್ನಾದರೂ ಹೇಗೋ ತಡೆದುಕೊಳ್ಳಬಹುದಿತ್ತು, ಬಾರದಿರುವುದನ್ನಲ್ಲ.

ಆಮೇಲೆ ಬಂತು: ‘ಬೇಳೆ ಸೀದುಹೋಯ್ತು.’

ಅವಳು ಮೂರು ಸಲ ಓದಿದಳು. ಡಬ್ಬ ಸಿಕ್ಕಿದೆ ಹಾಗಾದರೆ. ಒಲೆ ಹಚ್ಚಿದ್ದಾರೆ. ಪಾತ್ರೆಯನ್ನು ನೆನೆಹಾಕಿದರೋ ಇಲ್ಲವೋ.

‘ಆಮೇಲೆ ಸೀಯಲ್ಲ’ ಎಂದು ಬರೆದು ಕಳಿಸಿದಳು. ಅದು ನಿಜವೋ ಅಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಫೋನನ್ನು ಬ್ಯಾಗಿಗೆ ಹಾಕಿ, ಮತ್ತೆ ಎದ್ದು ಬಾಗಿಲ ಕಡೆ ನಡೆದಳು.