ಎರಡು ಮಿಲಿಸೆಕೆಂಡು ಬಿಟ್ಟುಕೊಟ್ಟ ಬುಷ್ರಾ

ಬೆಳಗಿನ ಐದೂವರೆ. ಶಿರಾ ಪೇಟೆಯ ಹಿಂದಿನ ಓಣಿ ಇನ್ನೂ ಮುಸುಕು ಹೊದ್ದು ಮಲಗಿದೆ. ನಮಾಜು ಮುಗಿಸಿದ ಬುಷ್ರಾ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಾರೆ. ಪರದೆಯಲ್ಲಿ ಕಪ್ಪುಕುಳಿಯೊಂದರ ಸುತ್ತ ನ್ಯೂಟ್ರಾನ್ ನಕ್ಷತ್ರವೊಂದು ತಿರುಗುತ್ತಿದೆ. "ಇನ್ನೂ ನುಂಗಿಲ್ಲ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಚಹಾಕ್ಕೆ ನೀರಿಡುತ್ತಾರೆ.

ಮೂವತ್ತನಾಲ್ಕರ ಬುಷ್ರಾ ಮಧುಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂಟು ಗಂಟೆಯ ಬಸ್ಸು ಹಿಡಿಯುವ ಮೊದಲು ಮತ್ತು ಸಂಜೆ ಮನೆಗೆ ಬಂದ ಮೇಲೆ ಅವರದು ಈ ಇನ್ನೊಂದು ಕೆಲಸ. ಓಣಿಯವರು ಅದನ್ನು ವಿಡಿಯೊ ಗೇಮ್ ಅಂದುಕೊಂಡಿದ್ದಾರೆ, ಪಾಪ! ದೂರದ ಸಂಶೋಧನಾ ತಂಡವೊಂದರ ದೊಡ್ಡ ಕಂಪ್ಯೂಟರಿಗೆ ಇಲ್ಲಿಂದಲೇ ಲೆಕ್ಕ ಒಪ್ಪಿಸಿ, ಅದು ದಾರಿ ತಪ್ಪದಂತೆ ಕಾಯುತ್ತಾರೆ. ನಕ್ಷತ್ರ ಕಪ್ಪುಕುಳಿಯಲ್ಲಿ ಸೇರಿಹೋಗುವ, ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಒಂದು ವಿಲೀನವನ್ನು ಲೆಕ್ಕ ಹಾಕಲು ಆರುನೂರು ಪ್ರೊಸೆಸರುಗಳಿಗೆ ಹತ್ತೊಂಬತ್ತು ದಿನ ಬೇಕು.

ಹುಡುಕಾಟವಾದರೂ ಏತಕ್ಕೆ? ಗುರುತ್ವದ ಬಗ್ಗೆ ಐನ್‌ಸ್ಟೈನ್ ಹೇಳಿದ್ದೇ ಕೊನೆಯ ಮಾತೇ ಎಂಬ ಕುತೂಹಲ. ಬುಷ್ರಾ ಪರೀಕ್ಷಿಸುವ ಬದಲಿ ಸಿದ್ಧಾಂತದಲ್ಲಿ ಗುರುತ್ವದ ಜೊತೆಗೆ ಇನ್ನೊಂದು ಕ್ಷೇತ್ರವೂ ಇದೆ. ನಕ್ಷತ್ರ ಅದನ್ನು ಮೈಗಂಟಿಸಿಕೊಳ್ಳುತ್ತದೆ, ಕಪ್ಪುಕುಳಿ ಅಂಟಿಸಿಕೊಳ್ಳುವುದಿಲ್ಲ. "ಆ ಕ್ಷೇತ್ರ ಶಕ್ತೀನ ಕದ್ದು ಹೊರಗೆ ಸಾಗಿಸ್ತದೆ. ಅಂಗಾಗಿ ಇವೆರಡೂ ಬೇಗ ಒಂದಾಗ್ಬೇಕು. ಎಷ್ಟು ಬೇಗ ಅನ್ನೋದೇ ಪ್ರಶ್ನೆ," ಎನ್ನುತ್ತಾರೆ.

ಹೋದ ವರ್ಷ ಉತ್ತರ ಬಂತು: ಐನ್‌ಸ್ಟೈನರ ಲೆಕ್ಕಕ್ಕಿಂತ ಎರಡು ಮಿಲಿಸೆಕೆಂಡು ಮೊದಲೇ. ತಂಡ ಹಿಗ್ಗಿತು. ಸಮ್ಮೇಳನವೊಂದರಲ್ಲಿ ಮಾತಾಡಲು ಬುಷ್ರಾಗೆ ಕರೆ ಬಂತು. ಪ್ರಬಂಧದಲ್ಲಿ ಅವರ ಹೆಸರೇ ಮೊದಲು, ಆರು ವರ್ಷದ ದುಡಿಮೆಯಲ್ಲಿ ಅದೇ ಮೊದಲ ಸಲ.

ಆ ವಾರ ಬುಷ್ರಾ ತಮ್ಮ ಅಪ್ಪ ನಸ್ರುಲ್ಲಾ ಅವರ ತಕ್ಕಡಿ ರಿಪೇರಿ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು. ಮುಳ್ಳು ನೆಟ್ಟಗೆ ನಿಂತರೂ ಅಪ್ಪ ಒಪ್ಪುವವರಲ್ಲ. ಕಲ್ಲಿದ್ದ ತಟ್ಟೆಗೆ ಸಾಮಾನು, ಸಾಮಾನಿದ್ದ ತಟ್ಟೆಗೆ ಕಲ್ಲು ಹಾಕಿ ಮತ್ತೆ ತೂಗುತ್ತಾರೆ. "ಅದಲು ಬದಲು ಮಾಡ್ದೆ ತಕ್ಕಡೀನ ನಂಬಬಾರ್ದು ಬೇಟಿ," ಎಂದರು.

ಬುಷ್ರಾಗೆ ತಮ್ಮ ಲೆಕ್ಕ ನೆನಪಾಯಿತು; ಅದನ್ನು ಅದಲು ಬದಲು ಮಾಡಿ ನೋಡಿರಲಿಲ್ಲ. ಇಂಥ ಲೆಕ್ಕದಲ್ಲಿ ಆಕಾಶವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಬೇಕು. ಚೌಕ ದೊಡ್ಡದಾದಷ್ಟೂ ಲೆಕ್ಕ ಬೇಗ, ತಪ್ಪು ಹೆಚ್ಚು. ಐನ್‌ಸ್ಟೈನರ ಲೆಕ್ಕಕ್ಕೆ ಅವರು ಸಣ್ಣ ಚೌಕ ಬಳಸಿದ್ದರು. ಹೊಸ ಸಿದ್ಧಾಂತ ತುಂಬ ಹೊತ್ತು ಹಿಡಿಯುತ್ತದೆಂದು ಅದಕ್ಕೆ ದೊಡ್ಡ ಚೌಕ. ಈಗ ಐನ್‌ಸ್ಟೈನರನ್ನೂ ದೊಡ್ಡ ಚೌಕಕ್ಕೆ ಹಾಕಿ ನೋಡಿದರು. ಅಲ್ಲಿಯೂ ವಿಲೀನ ಹೆಚ್ಚುಕಡಿಮೆ ಎರಡು ಮಿಲಿಸೆಕೆಂಡು ಮೊದಲೇ ಆಯಿತು! ವ್ಯತ್ಯಾಸ ಗುರುತ್ವದ್ದಲ್ಲ, ಚೌಕದ್ದು.

"ಎರಡು ದಿನ ಊಟ ಸೇರ್ಲಿಲ್ಲ. ಆಮೇಲೆ ನಾನೇ ಪತ್ರ ಬರ್ದು ಪ್ರಬಂಧ ವಾಪಸ್ ತಗೊಂಬುಟ್ಟೆ."

ತಂಡದ ಮುಖ್ಯಸ್ಥ ಮೋಹನ್ ಕುಮಾರ್ ಫೋನು ಮಾಡಿದರು: "ಯಾರೂ ಕಂಡುಹಿಡೀತಿರ್ಲಿಲ್ಲ ಕಣಮ್ಮ. ಮಾತಾಡಿ ಬಂದು, ಆಮೇಲೆ ಸರಿಮಾಡಬಹುದಿತ್ತಲ್ಲ?"

"ನಾನು ಕಂಡುಹಿಡಿದಿದ್ದೀನಲ್ಲ ಸಾರ್," ಎಂದರಂತೆ ಬುಷ್ರಾ. ಆ ಸಮ್ಮೇಳನದಲ್ಲಿ ಅವರ ಜಾಗದಲ್ಲಿ ಬೇರೆ ಯಾರೋ ಮಾತಾಡಿದರು. ಇದನ್ನು ಹೇಳುವಾಗ ಅವರ ದನಿ ಸಣ್ಣಗಾಗುತ್ತದೆ.

ಪರದೆಯಲ್ಲಿ ಈಗ ಓಡುತ್ತಿರುವುದು ಹೊಸ ಸಿದ್ಧಾಂತದ ಲೆಕ್ಕ, ಈ ಸಲ ಸಣ್ಣ ಚೌಕಗಳಲ್ಲಿ. ಐನ್‌ಸ್ಟೈನರ ಲೆಕ್ಕದ ಎರಡು ಪಟ್ಟು ಹೊತ್ತು ಬೇಕು; ಮೂವತ್ತೆಂಟು ದಿನದ ಓಟದಲ್ಲಿ ಇಂದು ಮೂವತ್ತನೆಯದು. ಕೂದಲೆಳೆಯಷ್ಟಾದರೂ ವ್ಯತ್ಯಾಸ ಉಳಿದೀತೇ? ಯಾರಿಗೂ ಗೊತ್ತಿಲ್ಲ.

"ಉಳೀಲಿ ಅಂತ ಆಸೆ ಇದೆ, ಸುಳ್ಳ್ಯಾಕೆ ಹೇಳ್ಲಿ," ಎಂದು ಬುಷ್ರಾ ನಗುತ್ತಾರೆ. "ಉಳೀದಿದ್ರೆ, ಏನೂ ಸಿಗ್ಲಿಲ್ಲ ಅಂತಾನೇ ಪ್ರಬಂಧ ಬರೀತೀನಿ. ಅದಕ್ಕೂ ನನ್ನ ಹೆಸರೇ ಮೊದ್ಲು ಹಾಕಿ ಅಂತ ಕೇಳ್ತೀನಿ."