ಹಿಂದೆ ನಿಲ್ಲುವ ಕೆಲಸ

ಅವರ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ಬೆರಳ ಸಂದಿಯಲ್ಲಿ, ಉಂಗುರದ ಅಂಚಿನಲ್ಲಿ ಉದ್ದಿನ ಹಿಟ್ಟು ಒಣಗಿ ಬೆಳ್ಳಗೆ ಕೂತಿರುತ್ತಿತ್ತು. ಯಾರ ತಲೆಯ ಮೇಲಾದರೂ ಕೈಯಿಟ್ಟು ಪ್ರಾರ್ಥಿಸುವ ಮೊದಲು ಸೆರಗಿಗೆ ಚೆನ್ನಾಗಿ ಒರೆಸಿಕೊಳ್ಳುತ್ತಿದ್ದರು. ಆದರೂ ನಾವು ಮನೆಗೆ ಬಂದು ತಲೆ ಬಾಚಿಕೊಂಡರೆ ಬಾಚಣಿಗೆಯಲ್ಲಿ ಹಿಟ್ಟಿನ ಪುಡಿ ಸಿಗುತ್ತಿತ್ತು.

ಕೆಂಗೇರಿ ಉಪನಗರದ ನಮ್ಮ ರಸ್ತೆಗೆಲ್ಲ ಅವರು ಹಿಟ್ಟಿನಕ್ಕ. ಬೆಳಗ್ಗೆ ನಡುಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ದೋಸೆಹಿಟ್ಟು ರುಬ್ಬಿ, ಪ್ಯಾಕೆಟ್ ಮಾಡಿ ಮಾರುತ್ತಿದ್ದರು. ಗುರುವಾರ ಸಂಜೆ ಅದೇ ಗ್ರೈಂಡರನ್ನು ಮೂಲೆಗೆ ತಳ್ಳಿ, ಚಾಪೆ ಹಾಸಿ, ನಮ್ಮ ಚರ್ಚಿನವರ ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ಭಾನುವಾರದ ಪೂಜೆಯ ಹಾಗೆ ತಣ್ಣಗೆ ನಡೆಯುವ ಕೂಟವಲ್ಲ ಅದು. ಚಪ್ಪಾಳೆ, ಹಾಡು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಸ್ತುತಿ. ಕೆಲವರ ಬಾಯಲ್ಲಿ ಯಾರಿಗೂ ತಿಳಿಯದ ಭಾಷೆ. ಅಕ್ಕ ತಲೆಯ ಮೇಲೆ ಕೈಯಿಟ್ಟರೆ ಪವಿತ್ರಾತ್ಮರ ವಶವಾಗಿ ಹಿಂದಕ್ಕೆ ಒರಗಿ ಬೀಳುವವರೂ ಇದ್ದರು.

ಮಹಡಿ ಮನೆಯ ಓನರ್ ಒಮ್ಮೆ ಇಳಿದು ಬಂದು, "ಏನ್ರಮ್ಮಾ, ನಿಮ್ ದೇವ್ರಿಗೆ ಕಿವಿ ಮಂದನಾ?" ಅಂದರು.

"ಇಲ್ಲ ಸಾರ್, ದೇವ್ರಿಗೆ ಚೆನ್ನಾಗೇ ಕೇಳುತ್ತೆ. ಮಂದ ಇರೋದು ನಮಗೇ," ಎಂದು ಅಕ್ಕ ಕಿಟಕಿ ಮುಚ್ಚಿದರು. ಒಂದು ಪ್ಯಾಕೆಟ್ ಹಿಟ್ಟು ಅವರ ಕೈಗಿಟ್ಟು ಕಳಿಸಿದರು. ಆಮೇಲೆ ಗುರುವಾರ ಸಂಜೆ ಅವರು ಟಿವಿ ಜೋರು ಮಾಡಿಕೊಳ್ಳುತ್ತಿದ್ದರೇ ಹೊರತು ಜಗಳಕ್ಕೆ ಬರಲಿಲ್ಲ.

ನಾನು ಅಲ್ಲಿಗೆ ಹೋದದ್ದು ನನ್ನ ಯಜಮಾನರು ತೀರಿಕೊಂಡ ಮೇಲೆ. ಅವರನ್ನು ಮಣ್ಣು ಮಾಡಿದ ದಿನವೂ ನನಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಹಾಲು ಉಕ್ಕಿದರೆ ಒರೆಸುತ್ತಿದ್ದೆ, ಬಟ್ಟೆ ಒಣಗಿದರೆ ಮಡಿಸುತ್ತಿದ್ದೆ, ಅಷ್ಟೇ. ಒಳಗೆ ಏನಾದರೂ ಅಲುಗಾಡಲಿ ಅಂತಲೇ ಅಕ್ಕನ ಮುಂದೆ ತಲೆ ಬಗ್ಗಿಸಿದೆ. ತಣ್ಣನೆಯ ಕೈ ಇಟ್ಟು ಎಷ್ಟೋ ಹೊತ್ತು ಪ್ರಾರ್ಥಿಸಿದರು. ಅಕ್ಕಪಕ್ಕದವರು ಅತ್ತರು, ಬಿದ್ದರು. ನಾನು ನಿಂತೇ ಇದ್ದೆ.

ಹಲವು ಗುರುವಾರ ಹೀಗೇ ಆಯಿತು. "ನನಗೇನೂ ಆಗ್ತಿಲ್ಲ ಅಕ್ಕ. ಒಳಗೆ ಏನೋ ಸತ್ತೋಗಿದೆ. ಇನ್ಮೇಲೆ ನಾನು ಬರಲ್ಲ," ಅಂದೆ.

ಅವರು ಚಾಪೆ ಸುತ್ತುತ್ತಲೇ ಹೇಳಿದರು: "ಎಲ್ಲರೂ ಬಿದ್ರೆ ಹಿಡಿಯೋರು ಯಾರೇ? ಮುಂದಿನ ವಾರದಿಂದ ನೀನು ಹಿಂದೆ ನಿಂತ್ಕೋ."

ಹಾಗೆ ನಾನು ಹಿಡಿಯುವವಳಾದೆ. ಕಲಿಸಿದವರೂ ಅವರೇ. ತೋಳು ಹಿಡಿದು ಎಳೆಯಬಾರದು. ಕಂಕುಳ ಕೆಳಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಭಾರವನ್ನು ಎದೆಗೆ ತೆಗೆದುಕೊಂಡು ಮೆಲ್ಲಗೆ ಚಾಪೆಗೆ ಇಳಿಸಬೇಕು. ಸೀರೆ ಸರಿದರೆ ಶಾಲು ಹೊದಿಸಬೇಕು. "ಅವರಿಗೇನಾಯ್ತು, ನಿನಗ್ಯಾಕೆ ಆಗ್ಲಿಲ್ಲ, ಅದೆಲ್ಲ ಬಿಡು. ತಲೆ ನೆಲಕ್ಕೆ ಬಡೀದಂಗೆ ನೋಡ್ಕೋ, ಸಾಕು."

ವರ್ಷಗಟ್ಟಲೆ ಹಿಡಿದೆ. ಅಕ್ಕ ಮಾತ್ರ ಎಂದೂ ಬಿದ್ದವರಲ್ಲ.

ಹೋದ ವರ್ಷ ಒಂದು ಗುರುವಾರ, ಸ್ತುತಿ ಏರಿದ್ದ ಹೊತ್ತಿನಲ್ಲಿ, ಎದುರಿಗಿದ್ದವಳ ತಲೆಯಿಂದ ಅಕ್ಕ ಕೈ ತೆಗೆದು ಸುಮ್ಮನೆ ನಿಂತರು. ಆಮೇಲೆ ಪಕ್ಕಕ್ಕೆ ವಾಲಿದರು. ನಾನು ಅವಳನ್ನು ಸರಿಸಿ ಓಡಿಹೋಗಿ ಹಿಡಿದೆ. ಕೂಟಕ್ಕೆ ಕೂಟವೇ ಹಿಗ್ಗಿತು. "ಅಲ್ಲೆಲೂಯಾ! ಅಕ್ಕನ ಮೇಲೂ ಪವಿತ್ರಾತ್ಮರು ಇಳಿದ್ರು!" ಚಪ್ಪಾಳೆ ಇನ್ನೂ ಜೋರಾಯಿತು.

ಆದರೆ ನನ್ನ ಎದೆಗೆ ಬಂದ ಭಾರ ಬೇರೆ. ಪ್ರಾರ್ಥನೆಯಲ್ಲಿ ಬೀಳುವವರ ಮೈ ಎರಡೂ ಬದಿ ಒಂದೇ ಸಮ ಸಡಿಲವಾಗುತ್ತದೆ. ಅಕ್ಕನದು ಒಂದೇ ಬದಿ, ಅಕ್ಕಿಮೂಟೆಯ ಹಾಗೆ. ಬಾಯಿ ಓರೆಯಾಗಿತ್ತು.

"ಹಾಡು ನಿಲ್ಸಿ! ಇದು ಅದಲ್ಲ! ಯಾರಾದ್ರೂ ಗಾಡಿ ತಗೊಂಬನ್ನಿ!"

ನನ್ನ ದನಿ ಅಷ್ಟು ಜೋರೆಂದು ನನಗೇ ಗೊತ್ತಿರಲಿಲ್ಲ. ಟಿವಿ ಆರಿಸಿ ಓಡಿ ಬಂದು ಕಾರು ತೆಗೆದವರು ಮಹಡಿಯ ಓನರ್. ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ತೊದಲುತ್ತಾ, "ಹಿಡ್ಕೊಂಡ್ಯಲ್ಲೇ," ಅಂದರು.

"ಹಿಡ್ಕೊಂಡಿದೀನಿ ಅಕ್ಕ, ಸುಮ್ನಿರಿ."

ಮತ್ತೆ ಅವರು ಮಾತಾಡಲಿಲ್ಲ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಹೋದರು.

ಸಮಾಧಿಯ ಬಳಿ ಎಲ್ಲರೂ ಅಳುತ್ತಿದ್ದರು. ನನಗೆ ಆಗಲೂ ಬರಲಿಲ್ಲ. ಎಂದಿನಂತೆ ಹಿಂದೆ ನಿಂತಿದ್ದವಳನ್ನು ಅಕ್ಕನ ಮಗ ಕರೆದು ಗುಂಡಿಯ ಅಂಚಿನಲ್ಲಿ ನಿಲ್ಲಿಸಿಕೊಂಡ. ನಾಲ್ವರು ಹಗ್ಗ ಹಿಡಿದು ಪೆಟ್ಟಿಗೆ ಇಳಿಸುವಾಗ ಒಂದು ಕಡೆ ಸಡಿಲಾಗಿ ತಲೆಯ ಭಾಗ ಒಮ್ಮೆಲೇ ವಾಲಿತು. ನನ್ನ ಒಂದು ಕಾಲು ತಾನಾಗಿ ಹಿಂದೆ ಹೋಯಿತು, ಎರಡೂ ಕೈ ಮುಂದೆ ಚಾಚಿದವು.

"ಬಿಡಿ ಆಂಟಿ, ಅವರು ಹಿಡ್ಕೊಂಡಿದಾರೆ," ಅಂದ ಅವನು, ಮೆಲ್ಲಗೆ.

ಮಣ್ಣು ಬೀಳುವ ತನಕ ಕೈ ಇಳಿಸಲು ನನ್ನಿಂದ ಆಗಲಿಲ್ಲ.